ಮನೆಯೊಳಗೆ ಬಂದ ಜೂಜುಕಟ್ಟೆ



ಯೇಸುಸ್ವಾಮಿಯ ಮರಣದ ವೃತ್ತಾಂತದಲ್ಲಿ ಜೂಜಿನ ನೋಟವೊಂದಿದೆ. ಅವರನ್ನು ಶಿಲುಬೆಗೇರಿಸಿದ ಸೈನಿಕರು ಅವರ ಉಡುಪುಗಳನ್ನು ತಮ್ಮತಮ್ಮೊಳಗೆ ಹಂಚಿಕೊಂಡರು. ಹೊಲಿಗೆಯಿಲ್ಲದ ನಿಲುವಂಗಿಯನ್ನು ಹರಿಯಲು ಮನಸ್ಸು ಬಾರದೆ ಅದಕ್ಕಾಗಿ ಚೀಟಿ ಹಾಕಿದರು. ಅವರು ಪಣಕ್ಕಿಟ್ಟ ಅಂಗಿ ಅವರಲ್ಲಿ ಯಾರೊಬ್ಬರದೂ ಆಗಿರಲಿಲ್ಲ. ಇದನ್ನು ಹೇಳಿ ಮುಗಿಸಿದ ಕೂಡಲೇ ಸಂತ ಯೊವಾನ್ನರು ನಮ್ಮ ದೃಷ್ಟಿಯನ್ನು ಶಿಲುಬೆಯ ಬಳಿ ನಿಂತಿದ್ದ ತಾಯಿಯ ಕಡೆಗೆ ತಿರುಗಿಸುತ್ತಾರೆ. ಆಡುವವರ ಕಣ್ಣು ನೆಲದ ಮೇಲಿದೆ; ಪಕ್ಕದಲ್ಲಿ ನಿಂತು ನೋಯುವವಳು ಅವರಿಗೆ ಕಾಣುವುದಿಲ್ಲ.

ಈ ನೋಟವನ್ನು ನನಗೆ ಮತ್ತೆ ಮತ್ತೆ ನೆನಪಿಸಿದವರು ಇಬ್ಬರು ತಾಯಂದಿರು. ಮೊದಲನೆಯವರನ್ನು ನಾನು ಕಂಡದ್ದು ನಮ್ಮ ರಾಜ್ಯದಲ್ಲಿ ಬೀದಿಬೀದಿಗೂ ಲಾಟರಿ ಅಂಗಡಿಗಳಿದ್ದ ಕಾಲದಲ್ಲಿ. ಅವರ ಪತಿ ಕೂಲಿಕಾರರು. “ಫಾದರ್, ಊರಲ್ಲಿ ಎಲ್ಲರ ಮನೆಯಲ್ಲೂ ಶನಿವಾರ ಬಟವಾಡೆ ದಿನ ಮಾಂಸದಡುಗೆ. ನಮ್ಮ ಮನೆಯಲ್ಲಿ ಮಾತ್ರ ಅವತ್ತೇ ಒಲೆ ಉರಿಯೋದಿಲ್ಲ” ಎಂದು ಆಕೆ ಹೇಳಿದ್ದರು. ಎರಡನೆಯವರು ಬಂದದ್ದು ಇತ್ತೀಚಿನ ವರ್ಷಗಳಲ್ಲಿ. ಮಗ ಓದಿದವನು, ಉದ್ಯೋಗದಲ್ಲಿರುವವನು. “ಫಾದರ್, ಅವನು ಕುಡಿಯೋದಿಲ್ಲ, ಕೆಟ್ಟ ಸಹವಾಸ ಇಲ್ಲ, ಸಂಜೆ ಆದ್ರೆ ಮನೆಯಲ್ಲೇ ಇರ್ತಾನೆ. ಆದರೆ ನನ್ನ ಸರ ಅಡವಿಗೆ ಹೋಗಿದೆ, ತಂಗಿ ಮದುವೆಗೆ ಇಟ್ಟಿದ್ದ ದುಡ್ಡಿಲ್ಲ. ಎಲ್ಲಿಗೆ ಹೋಯ್ತು ಅಂತಲೇ ಗೊತ್ತಾಗ್ತಿಲ್ಲ” ಎಂದು ಅವರು ಕಣ್ಣೀರಿಟ್ಟರು.

ಮೊದಲ ತಾಯಿಗೆ ತನ್ನ ಹಣ ಯಾವ ಅಂಗಡಿಗೆ ಹೋಗುತ್ತಿದೆಯೆಂದು ಗೊತ್ತಿತ್ತು. ಎರಡನೆಯ ತಾಯಿಗೆ ಅದೂ ಗೊತ್ತಿರಲಿಲ್ಲ. ಇವೆರಡು ಕಣ್ಣೀರುಗಳ ನಡುವೆ ಜೂಜಿನ ಇತಿಹಾಸವೊಂದು ಸಾಗಿಬಂದಿದೆ. ಅದನ್ನು ತಿಳಿದರೆ ನಮ್ಮ ಮನೆಯನ್ನು ಕಾಯುವ ಬಗೆಯೂ ತಿಳಿಯುತ್ತದೆಂಬ ನಂಬಿಕೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಹಳೆಯ ಪ್ರಶ್ನೆ

ನಮ್ಮ ನೆಲದಲ್ಲಿ ಜೂಜು ಹೊಸದಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನೊಬ್ಬನ ಅಳಲನ್ನೇ ವಿಷಯವಾಗಿಸಿಕೊಂಡ ಸೂಕ್ತವಿದೆ. ಹೆಂಡತಿ ದೂರವಾದದ್ದು, ಅತ್ತೆ ದ್ವೇಷಿಸುವುದು, ಇನ್ನು ಆಡುವುದಿಲ್ಲವೆಂದು ನಿಶ್ಚಯಿಸಿದವನೂ ದಾಳದ ಸದ್ದು ಕೇಳಿದೊಡನೆ ಎದ್ದು ಹೋಗುವುದು, ಎಲ್ಲವೂ ಅಲ್ಲಿದೆ. ಕೊನೆಗೆ ಅವನಿಗೆ ದೊರೆಯುವ ಬುದ್ಧಿವಾದ, ದಾಳವನ್ನು ಬಿಟ್ಟು ಹೊಲವನ್ನು ಉಳು ಎಂಬುದು.

ಮಹಾಭಾರತದ ದ್ಯೂತಪ್ರಸಂಗವನ್ನು ಅರಿಯದ ಕನ್ನಡಿಗರಿಲ್ಲ. ಧರ್ಮರಾಯನು ಸಂಪತ್ತನ್ನು ಸೋತ, ರಾಜ್ಯವನ್ನು ಸೋತ, ತಮ್ಮಂದಿರನ್ನು ಸೋತ, ತನ್ನನ್ನು ಸೋತ, ಕಡೆಗೆ ದ್ರೌಪದಿಯನ್ನೂ ಪಣಕ್ಕೊಡ್ಡಿದ. ಆಗ ಆಕೆ ಸಭೆಗೆ ಹಾಕಿದ ಸವಾಲನ್ನು ನೆನಪಿಸಿಕೊಳ್ಳಿ. ತನ್ನನ್ನೇ ಮೊದಲು ಸೋತವನಿಗೆ ನನ್ನನ್ನು ಪಣವಿಡುವ ಅಧಿಕಾರವೆಲ್ಲಿಯದು ಎಂಬುದು ಅದರ ಸಾರ. ಹಿರಿಯರು ತುಂಬಿದ್ದ ಆ ಸಭೆ ತಲೆ ತಗ್ಗಿಸಿತು. ಜೂಜುಗಾರ ತನ್ನ ಹಣದಲ್ಲಿ ತಾನು ಆಡುತ್ತಿದ್ದೇನೆಂದು ಭಾವಿಸುತ್ತಾನೆ. ನಿಜವಾಗಿ ಅವನು ಪಣಕ್ಕಿಡುವುದು ಮಕ್ಕಳ ಶುಲ್ಕವನ್ನು, ತಾಯಿಯ ಔಷಧವನ್ನು, ಹೆಂಡತಿಯ ನೆಮ್ಮದಿಯನ್ನು. ಶಿಲುಬೆಯ ಬುಡದ ಅಂಗಿಯಂತೆ, ಅದು ಅವನದಲ್ಲ.

ಇನ್ನೊಂದು ಸಂಗತಿಯೂ ಪುರಾತನವಾದದ್ದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಜೂಜಿನ ಮೇಲ್ವಿಚಾರಣೆಗೆಂದೇ ಒಬ್ಬ ಅಧಿಕಾರಿಯಿದ್ದಾನೆ. ಗೊತ್ತುಪಡಿಸಿದ ಒಂದೇ ಸ್ಥಳದಲ್ಲಿ ಆಡಬೇಕು. ಗೆದ್ದ ಹಣದಲ್ಲಿ ನೂರಕ್ಕೆ ಐದರಷ್ಟು ಪಾಲು ರಾಜ್ಯದ ಬೊಕ್ಕಸಕ್ಕೆ. ಒಂದು ಕೈಯಿಂದ ತಡೆಯುವುದು, ಇನ್ನೊಂದು ಕೈಯಿಂದ ಪಾಲು ಪಡೆಯುವುದು ಎಂಬ ಆಳುವವರ ಇಬ್ಬಂದಿತನ ಅಂದಿನಿಂದಲೂ ಉಂಟು.

ವಾರದಿಂದ ದಿನಕ್ಕೆ

ಬ್ರಿಟಿಷ್ ಆಡಳಿತವು 1867ರಲ್ಲಿ ಸಾರ್ವಜನಿಕ ಜೂಜು ಕಾಯಿದೆಯನ್ನು ತಂದಿತು. ಅದರ ಗುರಿ ಮುಖ್ಯವಾಗಿ ಜೂಜಿನ ಮನೆಗಳು, ಅಂದರೆ ಗೋಡೆ, ಬಾಗಿಲು, ಮಾಲೀಕ ಇರುವ ಸ್ಥಳಗಳು. ಅಂದಿನ ಜೂಜಿಗೆ ಒಂದು ಸ್ಥಳ, ಒಂದು ಕಾಲ ಇರುತ್ತಿತ್ತು. ದೀಪಾವಳಿಯ ಇಸ್ಪೀಟಾಗಲಿ, ತುಳುನಾಡಿನ ಕೋಳಿ ಅಂಕವಾಗಲಿ ವರ್ಷದ ಕೆಲವು ದಿನಗಳಿಗೆ ಸೇರಿದ್ದವು. ಹೋಗಬೇಕಾದರೆ ಮನೆಯಿಂದ ಹೊರಡಬೇಕಾಗಿತ್ತು. ಹೊರಟವನನ್ನು ಊರು ನೋಡುತ್ತಿತ್ತು.

ಸ್ವಾತಂತ್ರ್ಯಾನಂತರ ಈ ಅಂತರ ಕಡಿಮೆಯಾಗುತ್ತ ಬಂತು. ನ್ಯೂಯಾರ್ಕಿನ ಹತ್ತಿ ಮಾರುಕಟ್ಟೆಯ ಆರಂಭದ ಹಾಗೂ ಅಂತ್ಯದ ದರಗಳು ಟೆಲಿಪ್ರಿಂಟರ್ ಮೂಲಕ ಬೊಂಬಾಯಿಗೆ ಬರುತ್ತಿದ್ದವು. ಆ ದರಗಳ ಮೇಲೆ ಜನ ಬಾಜಿ ಕಟ್ಟುತ್ತಿದ್ದರು. 1961ರಲ್ಲಿ ಆ ದರಗಳು ಬರುವುದು ನಿಂತಿತು. ಜೂಜು ನಿಲ್ಲಲಿಲ್ಲ. ಮರುವರ್ಷವೇ ವರ್ಲಿ ಭಾಗದಲ್ಲಿ ಅಂಕೆಗಳನ್ನು ಎತ್ತುವ ಹೊಸ ಆಟ ಹುಟ್ಟಿತು. ಮಡಕೆಯಿಂದ ಚೀಟಿ ಎತ್ತುತ್ತಿದ್ದುದರಿಂದ ಅದಕ್ಕೆ ಮಟ್ಕಾ ಎಂಬ ಹೆಸರು. ದಿನಕ್ಕೆ ಎರಡು ಬಾರಿ, ಒಮ್ಮೆ ‘ಓಪನ್’, ಇನ್ನೊಮ್ಮೆ ‘ಕ್ಲೋಸ್’. ಈ ಎರಡು ಮಾತುಗಳಿಂದಲೇ ನಮ್ಮ ಹಳ್ಳಿಗಳವರೆಗೆ ಅದು ‘ಓಸಿ’ ಎಂದು ಹಬ್ಬಿತು. ಬೀಡಾ ಅಂಗಡಿಯ ಪಕ್ಕದಲ್ಲಿ ತುಂಡು ಕಾಗದದ ಮೇಲೆ ಬರೆದುಕೊಂಡ ಒಂದು ಅಂಕೆ. ಅದಕ್ಕಾಗಿ ಕನಸುಗಳ ಅರ್ಥ ಕೇಳುತ್ತ ಅಲೆದವರನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ.

ಅದೇ ದಶಕದಲ್ಲಿ ಸರ್ಕಾರಗಳೂ ಕಣಕ್ಕಿಳಿದವು. 1967ರಲ್ಲಿ ಕೇರಳವು ದೇಶದ ಮೊದಲ ಸರ್ಕಾರಿ ಲಾಟರಿಯನ್ನು ಆರಂಭಿಸಿತು. ಟಿಕೆಟ್ಟಿನ ಬೆಲೆ 1 ರೂಪಾಯಿ. ಮೊದಲ ಬಹುಮಾನ 50,000 ರೂಪಾಯಿ. ಮೊದಲ ಡ್ರಾ 1968ರ ಜನವರಿ 26ರಂದು. ಇತರ ರಾಜ್ಯಗಳೂ ಹಿಂಬಾಲಿಸಿದವು. ಸದುದ್ದೇಶವಿಲ್ಲದಿರಲಿಲ್ಲ: ಬೊಕ್ಕಸಕ್ಕೆ ಆದಾಯ, ಬಡವರಿಗೆ ಟಿಕೆಟ್ ಮಾರುವ ಉದ್ಯೋಗ. ಆದರೆ ಕಾಲಕ್ರಮದಲ್ಲಿ ಒಂದೇ ಅಂಕೆಯ ಲಾಟರಿಗಳು, ದಿನಕ್ಕೆ ಹಲವು ಡ್ರಾಗಳು, ಆಮೇಲೆ ಕಂಪ್ಯೂಟರ್ ಜಾಲದ ಆನ್‌ಲೈನ್ ಲಾಟರಿಗಳು ಬಂದವು. 1998ರ ಕೇಂದ್ರ ಕಾಯಿದೆಯು ಒಂದೇ ಅಂಕೆಯ ಬಹುಮಾನವನ್ನು ನಿಷೇಧಿಸಿ, ಒಂದು ಲಾಟರಿಗೆ ವಾರಕ್ಕೆ ಒಂದಕ್ಕಿಂತ ಹೆಚ್ಚು ಡ್ರಾ ಸಲ್ಲದೆಂದು ವಿಧಿಸಿತು. ಕಾನೂನಿನ ಕರ್ತೃಗಳಿಗೆ ಅಪಾಯದ ತಿರುಳು ಅರ್ಥವಾಗಿತ್ತು: ಪಣಕ್ಕೂ ಫಲಕ್ಕೂ ನಡುವಿನ ಸಮಯ ಕಡಿಮೆಯಾದಷ್ಟೂ ಹಾನಿ ಹೆಚ್ಚು. ಆದರೆ ವಾರದ ಒಂದೊಂದು ದಿನಕ್ಕೆ ಒಂದೊಂದು ಹೆಸರಿನ ಲಾಟರಿಯನ್ನಿಟ್ಟರೆ ನಿಯಮವೂ ಉಳಿಯುತ್ತದೆ, ದಿನವೂ ಡ್ರಾ ನಡೆಯುತ್ತದೆ!

ನಮ್ಮ ಕರ್ನಾಟಕವು 2007ರಲ್ಲಿ ಲಾಟರಿಯನ್ನು ಸಂಪೂರ್ಣವಾಗಿ ನಿಷೇಧಿಸಿತು. ಅಂಗಡಿಗಳು ಮುಚ್ಚಿದವು. ಅನೇಕ ತಾಯಂದಿರು ನಿಟ್ಟುಸಿರು ಬಿಟ್ಟರು. ಆ ನಿರ್ಧಾರವನ್ನು ನಾನು ಇಂದಿಗೂ ಕೃತಜ್ಞತೆಯಿಂದ ಸ್ಮರಿಸುತ್ತೇನೆ.

ದಿನದಿಂದ ನಿಮಿಷಕ್ಕೆ

ಮುಚ್ಚಿದ ಅಂಗಡಿಯ ಜಾಗದಲ್ಲಿ ಕೆಲವೇ ವರ್ಷಗಳಲ್ಲಿ ಮೊಬೈಲ್ ಫೋನ್ ಬಂತು. ರಮ್ಮಿ, ಕಲ್ಪಿತ ತಂಡ ಕಟ್ಟುವ ಕ್ರಿಕೆಟ್ ಆಟ, ಚೆಂಡುಚೆಂಡಿಗೂ ಬಾಜಿ ಎಲ್ಲವೂ ಅಂಗೈಯಲ್ಲೇ ಸಿಕ್ಕವು. ಇವು ಜೂಜಲ್ಲ, ಕೌಶಲದ ಆಟಗಳೆಂಬ ವಾದ ನಡೆಯಿತು. ಸರ್ವೋಚ್ಚ ನ್ಯಾಯಾಲಯವು ಹಿಂದೆ ರಮ್ಮಿಯಲ್ಲಿ ಕೌಶಲವೇ ಪ್ರಧಾನವೆಂದು ಹೇಳಿದ್ದ ತೀರ್ಪು ಈ ವಾದಕ್ಕೆ ಆಧಾರವಾಯಿತು. ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯವು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಬಳಿಕ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಕಾಯಿದೆಯನ್ನು ಅಂಗೀಕರಿಸಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಕೌಶಲವಾಗಲಿ, ಅದೃಷ್ಟವಾಗಲಿ, ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಡೆಸುವುದನ್ನೂ ಅವುಗಳ ಜಾಹೀರಾತನ್ನೂ ಅದು ನಿಷೇಧಿಸುತ್ತದೆ. ನಡೆಸಿದವರಿಗೆ 3 ವರ್ಷಗಳವರೆಗೆ ಸೆರೆವಾಸ, 1 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಆದರೆ ಆಡಿದವನಿಗೆ ಅದು ಶಿಕ್ಷೆಯನ್ನು ಗೊತ್ತುಪಡಿಸಿಲ್ಲ. ಈ ಕೊನೆಯ ಮಾತನ್ನು ಗಮನದಲ್ಲಿಡಿ. ಸಹಾಯ ಕೇಳಲು ನಿಮ್ಮ ಮನೆಯವರು ಹೆದರಬೇಕಾಗಿಲ್ಲ.

ಸಮಯ ಕಡಿಮೆಯಾಗುವುದರ ಪರಿಣಾಮವನ್ನು ಒಂದು ಸರಳ ಲೆಕ್ಕದಿಂದ ನೋಡೋಣ. ಹತ್ತು ಅಂಕೆಗಳಲ್ಲಿ ಒಂದರ ಮೇಲೆ ಕಟ್ಟಬೇಕು, ಗೆದ್ದವನಿಗೆ ಕಟ್ಟಿದ್ದರ ಒಂಬತ್ತರಷ್ಟು ಹಣ ಎಂದಿಟ್ಟುಕೊಳ್ಳಿ. ಹತ್ತು ಜನ ಹತ್ತು ಅಂಕೆಗಳ ಮೇಲೆ ಒಂದೊಂದು ರೂಪಾಯಿ ಕಟ್ಟಿದರೆ ಗೆದ್ದವನಿಗೆ ಒಂಬತ್ತು, ಆಡಿಸಿದವನಿಗೆ ಒಂದು. ಪ್ರತಿ ಸುತ್ತಿಗೂ ಹತ್ತನೆಯ ಒಂದು ಭಾಗ ಹೊರಗೆ ಹೋಗುತ್ತದೆ. ಊರಿನವರೆಲ್ಲ ಸೇರಿ 1,000 ರೂಪಾಯಿ ಕಟ್ಟಿ, ಬಂದದ್ದನ್ನೆಲ್ಲ ಮತ್ತೆ ಮತ್ತೆ ಕಟ್ಟುತ್ತ ಹೋದರೆ, ಏಳು ಸುತ್ತುಗಳ ಕೊನೆಗೆ ಸರಾಸರಿ ಲೆಕ್ಕದಲ್ಲಿ ಅವರಲ್ಲಿ ಉಳಿಯುವುದು ಸುಮಾರು 478 ರೂಪಾಯಿ. ವಾರಕ್ಕೊಮ್ಮೆ ಆಡಿದರೆ ಹೀಗಾಗಲು ಏಳು ವಾರ ಬೇಕು. ದಿನಕ್ಕೆ ಎರಡು ಬಾರಿಯಾದರೆ ಮೂರೂವರೆ ದಿನ. ನಿಮಿಷಕ್ಕೊಂದು ಸುತ್ತು ಮುಗಿಯುವ ಫೋನಿನಲ್ಲಿ ಏಳೇ ನಿಮಿಷ. ನಮ್ಮ ಹಿರಿಯರು ವರ್ಷವಿಡೀ ಕಳೆದುಕೊಳ್ಳುತ್ತಿದ್ದುದನ್ನು ಇಂದಿನ ಯುವಕ ಒಂದು ರಾತ್ರಿಯಲ್ಲಿ, ಹೊದಿಕೆಯೊಳಗೆ ಮಲಗಿಯೇ ಕಳೆದುಕೊಳ್ಳಬಲ್ಲ.

ಇತಿಹಾಸದ ಪಾಠ ಇದು: ಒಂದು ಬಾಗಿಲನ್ನು ಮುಚ್ಚಿದಾಗಲೆಲ್ಲ ಜೂಜು ಇನ್ನೊಂದು ಬಾಗಿಲನ್ನು ಹುಡುಕಿದೆ, ಪ್ರತಿಬಾರಿಯೂ ಮನೆಗೆ ಇನ್ನಷ್ಟು ಹತ್ತಿರವಾಗಿ, ಇನ್ನಷ್ಟು ವೇಗವಾಗಿ ಬಂದಿದೆ. ಕಾನೂನು ಬೇಕೇ ಬೇಕು. ಆದರೆ ಹೊರದೇಶಗಳಿಂದ ನಡೆಯುವ ಕಳ್ಳ ತಾಣಗಳ ವಿರುದ್ಧ ಮನೆಯೂ ಕಾವಲು ನಿಲ್ಲಬೇಕು. ಜೂಜು ಬಯಸುವುದು ವೇಗವನ್ನು ಮತ್ತು ಗುಟ್ಟನ್ನು. ನಾವು ಮನೆಯೊಳಗೆ ತರಬೇಕಾದದ್ದು ನಿಧಾನವನ್ನು ಮತ್ತು ಬೆಳಕನ್ನು.

ಅಂಗಿಯನ್ನೂ ಸೋತ ಸಂತ

ಬಿದ್ದವನು ಏಳಬಲ್ಲನೇ? ಇದಕ್ಕೆ ಧರ್ಮಸಭೆಯ ಇತಿಹಾಸದಲ್ಲಿ ಒಂದು ಉತ್ತರವಿದೆ. 1550ರಲ್ಲಿ ಇಟಲಿಯ ಬುಕ್ಕಿಯಾನಿಕೊ ಎಂಬ ಊರಿನಲ್ಲಿ ಹುಟ್ಟಿದ ಕಮಿಲ್ಲಸ್ ದ ಲೆಲ್ಲಿಸ್ ಸೈನಿಕನ ಮಗ, ತಾನೂ ಸೈನಿಕ. ತಂದೆಗೆ ಜೂಜಿನ ಚಟವಿತ್ತು; ಮಗನಿಗೂ ಅದು ಬಂತು. ಕಾಲಿನ ವಾಸಿಯಾಗದ ಗಾಯಕ್ಕೆ ಚಿಕಿತ್ಸೆ ಪಡೆಯಲು ರೋಮಿನ ಸಂತ ಯಕೋಬರ ಹೆಸರಿನ ಆಸ್ಪತ್ರೆಗೆ ಸೇರಿ, ಅಲ್ಲಿಯೇ ಸೇವಕನಾಗಿ ದುಡಿದ. ಜಗಳ ಮತ್ತು ಇಸ್ಪೀಟಿನ ಚಟದಿಂದಾಗಿ ಅವನನ್ನು ಹೊರಹಾಕಲಾಯಿತು. ಮತ್ತೆ ಸೈನ್ಯ, ಮತ್ತೆ ಜೂಜು. 1574ರಲ್ಲಿ ನೇಪಲ್ಸ್ ನಗರದಲ್ಲಿ ಅವನು ತನ್ನ ಆಯುಧಗಳನ್ನೂ ಮೇಲಂಗಿಯನ್ನೂ ಕಡೆಗೆ ಮೈಮೇಲಿನ ಅಂಗಿಯನ್ನೂ ಸೋತನೆಂದು ಅವನ ಚರಿತ್ರೆ ಹೇಳುತ್ತದೆ.

ಹೊಟ್ಟೆಪಾಡಿಗಾಗಿ ಮನ್‌ಫ್ರೆದೋನಿಯದಲ್ಲಿ ಕಪುಚಿನ್ ಸಂನ್ಯಾಸಿಗಳ ಕಟ್ಟಡದ ಕೆಲಸಕ್ಕೆ ಅವನು ಕೂಲಿಯಾಗಿ ಸೇರಿದ. 1575ರ ಫೆಬ್ರವರಿ 2ರಂದು, ಒಬ್ಬ ಸಂನ್ಯಾಸಿಯ ಹಿತನುಡಿ ಮನಸ್ಸಿಗೆ ನಾಟಿ, ದಾರಿಯಲ್ಲೇ ಮೊಣಕಾಲೂರಿ ಕಣ್ಣೀರಿಟ್ಟ. ಗಮನಿಸಿ: ಹೃದಯ ಪರಿವರ್ತನೆಗೆ ಮುನ್ನವೇ ಅವನಿಗೆ ದಿನನಿತ್ಯದ ಕೆಲಸ, ಕಟ್ಟುನಿಟ್ಟಿನ ವೇಳೆ ಹಾಗೂ ಜೊತೆಗಿದ್ದು ನೋಡಿಕೊಳ್ಳುವ ಜನ ದೊರೆತಿದ್ದರು. ಆಮೇಲೆ ಅವನನ್ನು ಹೊರಹಾಕಿದ್ದ ಅದೇ ಆಸ್ಪತ್ರೆ ಅವನನ್ನು ಮತ್ತೆ ಸೇರಿಸಿಕೊಂಡಿತು. ಮೊದಲು ರೋಗಿಗಳ ಸೇವೆ, ಕ್ರಮೇಣ ಹೊಣೆ, ಕೊನೆಗೆ ಆಸ್ಪತ್ರೆಯ ಮೇಲ್ವಿಚಾರಣೆಯನ್ನೇ ಒಪ್ಪಿಸಿತು. 1584ರಲ್ಲಿ ಅವರು ಗುರುದೀಕ್ಷೆ ಪಡೆದರು. ರೋಗಿಗಳ ಸೇವೆಗಾಗಿ ಸಭೆಯೊಂದನ್ನು ಕಟ್ಟಿ, ಎದೆಯ ಮೇಲೆ ಕೆಂಪು ಶಿಲುಬೆ ಧರಿಸಿದರು. 1614ರ ಜುಲೈ 14ರಂದು ದೈವಾಧೀನರಾದರು. 1746ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು. ನಮ್ಮ ಬೆಂಗಳೂರಿನ ಸ್ನೇಹದಾನದಲ್ಲಿ ಎಚ್.ಐ.ವಿ. ಸೋಂಕಿತರನ್ನು ಆರೈಕೆ ಮಾಡುತ್ತ ಬಂದವರು ಅದೇ ಸಭೆಯ ಗುರುಗಳು.

ಮನೆಯ ಕಾವಲು

ಜೂಜಿನ ಚಟವನ್ನು ಕೇವಲ ದುರ್ನಡತೆ ಎಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ಅದನ್ನು ಮಾನಸಿಕ ಕಾಯಿಲೆಗಳ ಪಟ್ಟಿಗೆ ಸೇರಿಸಿತು. 2013ರಲ್ಲಿ ಮದ್ಯ ಹಾಗೂ ಮಾದಕ ವಸ್ತುಗಳ ವ್ಯಸನಗಳ ಸಾಲಿನಲ್ಲಿರಿಸಿತು. ಆದುದರಿಂದ ಬರಿಯ ಬೈಗುಳದಿಂದಾಗಲಿ, ಬರಿಯ ಆಣೆಯಿಂದಾಗಲಿ ಅದು ಹೋಗುವುದಿಲ್ಲ. ಮಾಡಬಹುದಾದ ಕೆಲವನ್ನು ಹೇಳುತ್ತೇನೆ.

ಮೊದಲನೆಯದು, ಲಕ್ಷಣಗಳನ್ನು ಗುರುತಿಸಿ. ಕಳೆದದ್ದನ್ನು ಮತ್ತೆ ಆಡಿಯೇ ಗಳಿಸುತ್ತೇನೆಂಬ ಹಟ, ಲೆಕ್ಕದ ಬಗ್ಗೆ ಸುಳ್ಳು, ಕಾರಣ ಹೇಳದ ಸಾಲ, ರಾತ್ರಿಯ ನಿದ್ದೆಗೇಡು, ಫೋನನ್ನು ಮುಟ್ಟಿದರೆ ಸಿಟ್ಟು ಕಂಡುಬಂದರೆ ಮೌನವಾಗಿರಬೇಡಿ.

ಎರಡನೆಯದು, ಮನೆಯ ಹಣಕ್ಕೆ ಬೆಳಕು ಬೀಳಲಿ. ತಿಂಗಳಿಗೊಮ್ಮೆ ಗಂಡ ಹೆಂಡತಿ, ದೊಡ್ಡ ಮಕ್ಕಳು ಒಟ್ಟಿಗೆ ಕುಳಿತು ಆದಾಯ, ಖರ್ಚು, ಸಾಲಗಳ ಲೆಕ್ಕ ನೋಡಿ. ರಾತ್ರಿಯ ಜಪಸರ ಪ್ರಾರ್ಥನೆಗೆ ಕೂಡುವ ಮನೆಗೆ ಲೆಕ್ಕಕ್ಕೆ ಕೂಡುವುದು ಕಷ್ಟವಾಗದು. ಗುಟ್ಟಿಲ್ಲದ ಮನೆಯಲ್ಲಿ ಜೂಜು ಬಹುಕಾಲ ಅಡಗಿರಲಾರದು.

ಮೂರನೆಯದು, ಚಟವಿರುವವನ ಕೈಗೂ ಹಣಕ್ಕೂ ನಡುವೆ ಅಂತರವಿಡಿ. ಅವನ ಒಪ್ಪಿಗೆಯಿಂದಲೇ ಸಂಬಳ ಬೇರೆ ಖಾತೆಗೆ ಹೋಗಲಿ. ಫೋನ್ ಮೂಲಕ ಕಳುಹಿಸುವ ಹಣಕ್ಕೆ ದಿನದ ಮಿತಿಯನ್ನು ಕಡಿಮೆ ಮಾಡಿಸಿ. ಒಡವೆ, ಆಸ್ತಿಪತ್ರಗಳನ್ನು ನಂಬುಗೆಯ ಇನ್ನೊಬ್ಬರು ಕಾಯಲಿ. ಇದು ಅವಮಾನವಲ್ಲ, ಮುರಿದ ಕಾಲಿಗೆ ಕಟ್ಟುವ ಪಟ್ಟಿ.

ನಾಲ್ಕನೆಯದು, ಪ್ರೀತಿಯಿಂದ ಮಾಡುವ ಒಂದು ತಪ್ಪನ್ನು ಮಾಡಬೇಡಿ. ತಾಯಿ ಗುಟ್ಟಾಗಿ ಬಳೆ ಮಾರಿ ಮಗನ ಸಾಲ ತೀರಿಸುತ್ತಾಳೆ. ಅವನಿಗೆ ಸಾಲ ತೀರುತ್ತದೆ, ಚಟ ತೀರುವುದಿಲ್ಲ. ಮುಂದಿನ ಸಾಲಕ್ಕೆ ದಾರಿಯಾಗುತ್ತದೆ. ಸಾಲದ ಪೂರ್ಣ ಪಟ್ಟಿ ಎದುರಿಗೆ ಬರಲಿ. ಅವನೇ ದುಡಿದು ಕಂತುಕಂತಾಗಿ ತೀರಿಸಲಿ, ನೀವು ಜೊತೆಗಿರಿ.

ಐದನೆಯದು, ವೈದ್ಯರ ನೆರವು ಪಡೆಯಿರಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಂತ್ರಜ್ಞಾನದ ಅತಿಬಳಕೆಗೆ ಸಿಲುಕಿದವರಿಗಾಗಿ 2014ರಿಂದ ‘ಶಟ್’ ಎಂಬ ಚಿಕಿತ್ಸಾಲಯವಿದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ಲಭ್ಯ, ಕನ್ನಡದಲ್ಲಿಯೂ ಮಾತನಾಡಬಹುದು. ಸಾಲದ ಹೊರೆಯಲ್ಲಿ ‘ನಾನಿದ್ದು ಏನು ಪ್ರಯೋಜನ’ ಎಂಬ ಮಾತು ಬಂದರೆ ಅದನ್ನು ಲಘುವಾಗಿ ಎಣಿಸದಿರಿ. ಅಂದು ಅವನನ್ನು ಒಂಟಿಯಾಗಿ ಬಿಡಬೇಡಿ. ಹಣ ಮತ್ತೆ ಬರುತ್ತದೆ, ಮಗ ಬರುವುದಿಲ್ಲ.

ಕೊನೆಯದಾಗಿ ನಮ್ಮ ಮಾತು, ಗುರುಗಳದ್ದು. ಧರ್ಮಕೇಂದ್ರದ ಹಬ್ಬದಲ್ಲಿ ಹೌಸಿ ಆಟವನ್ನೂ ಅದೃಷ್ಟ ಚೀಟಿಯನ್ನೂ ನಾವೇ ನಡೆಸುತ್ತೇವೆ, ನಾನೂ ನಡೆಸಿದ್ದೇನೆ. ಇಂಥ ಆಟಗಳು ತಮ್ಮಷ್ಟಕ್ಕೆ ಅನ್ಯಾಯವಲ್ಲ; ಸ್ವಂತದ ಹಾಗೂ ಅವಲಂಬಿತರ ಅಗತ್ಯಕ್ಕೆ ಬೇಕಾದುದನ್ನು ಕಿತ್ತುಕೊಂಡಾಗ ಅವು ನೈತಿಕವಾಗಿ ಸಲ್ಲವು, ಚಟವಾದಾಗ ದಾಸ್ಯವಾಗುತ್ತವೆ ಎಂಬುದು ಧರ್ಮಸಭೆಯ ಬೋಧನೆ. ಆದರೂ ಹತ್ತು ರೂಪಾಯಿ ಚೀಟಿ ಹಿಡಿದ ಮಗುವಿನ ಕಣ್ಣಿನ ಹೊಳಪನ್ನು ಕಂಡಾಗ, ನಾವು ಏನನ್ನು ಕಲಿಸುತ್ತಿದ್ದೇವೆಂದು ಕೇಳಿಕೊಳ್ಳುವುದು ಒಳ್ಳೆಯದು. ಅದೇ ಹಬ್ಬದಲ್ಲಿ ಮಕ್ಕಳಿಗೆ ಬಹುಮಾನ ಬೇಕಿದ್ದರೆ ಓಟವಿದೆ, ಹಾಡಿದೆ, ಚಿತ್ರವಿದೆ.

ಮಗನ ಬಗ್ಗೆ ಹೇಳಿ ಅತ್ತ ಆ ತಾಯಿಯನ್ನು ಮೊದಲು ಹೇಳಿದೆನಲ್ಲವೇ? ಅವರು ಇನ್ನೊಂದು ಒಡವೆ ಮಾರಿ ಸಾಲ ತೀರಿಸಲೇ ಎಂದು ಕೇಳಲು ಬಂದಿದ್ದರು. “ಬೇಡಮ್ಮಾ, ಮೊದಲು ಅವನನ್ನು ಕರೆದುಕೊಂಡು ಬನ್ನಿ” ಎಂದೆ. ಅವನು ಮೂರನೆಯ ಬಾರಿ ಕರೆದಾಗ ಬಂದ. ಸಾಲದ ಪಟ್ಟಿ ಬರೆಯಲು ಒಂದು ಸಂಜೆ ಬೇಕಾಯಿತು. ಸಾಲ ಇನ್ನೂ ತೀರಿಲ್ಲ. ನಡುವೆ ಒಮ್ಮೆ ಅವನು ಮತ್ತೆ ಜಾರಿಬಿದ್ದದ್ದೂ ಉಂಟು. ಆದರೆ ಈಗ ಜಾರಿದ ದಿನವೇ ಬಂದು ತಾಯಿಗೆ ಹೇಳುತ್ತಾನೆ. ಅವನ ಕಣ್ಣು ಫೋನಿನಿಂದ ಮೇಲೆದ್ದು ಪಕ್ಕದಲ್ಲಿ ನಿಂತವಳನ್ನು ನೋಡಿದೆ. ಉಳಿದದ್ದಕ್ಕೆ ಸಮಯ ಬೇಕು, ಸಮಯವನ್ನು ಕೊಡೋಣ.